ಒಳಸಂಬಂಧಕ್ಕೆ ಸಾಲಾವಳಿ

ಅಳತೆಯಲ್ಲಿ ನಾಲ್ಕು ಬಗೆ ಇವೆ ಅನ್ನುವ ಪಾಠವನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಅಜ್ಜಂಪುರದ ನಮ್ಮ ಮನೆಯ ಪಡಸಾಲೆಯಲ್ಲಿ. ಕಲಿಸಿದವನು ನನ್ನ ಸೋದರತ್ತೆಯ ಮಗ. ಅವನ ಮೇಲಿನ ಸಿಟ್ಟು ಯಾವಾಗಲೋ ಹೋಯಿತು. ಪಾಠದ ಮೇಲಂತೂ ಸಿಟ್ಟಾಗಲು ಕಾರಣವೇ ಇರಲಿಲ್ಲ, ಅವನು ಹೇಳಿಕೊಟ್ಟದ್ದೆಲ್ಲ ಸರಿಯಾಗಿಯೇ ಇತ್ತು. ಇನ್ನೂ ಹೋಗದೆ ಉಳಿದಿರುವ ಸಿಟ್ಟು ಬೇರೆಯವರ ಮೇಲಿನದು. ಅದನ್ನು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಕಡೂರಿಗೆ ರೈಲಿನಲ್ಲಿ ಹೋಗಿ ಓದುತ್ತಿದ್ದೆ. ಬೆಳಗಿನ ಪ್ಯಾಸೆಂಜರ್ ಬೀರೂರಿನಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಿತ್ತು. ಅವ್ವ ಕಟ್ಟಿಕೊಟ್ಟ ರೊಟ್ಟಿಯನ್ನು ಅಲ್ಲೇ ಬಿಚ್ಚಿ ತಿಂದು, ಕಡೂರಿನಲ್ಲಿ ಇಳಿದು, ಕಾಲೇಜಿಗೆ ನಡೆದುಹೋಗುವಷ್ಟರಲ್ಲಿ ಮೊದಲನೇ ಪಿರಿಯಡ್ ಅರ್ಧ ಮುಗಿದಿರುತ್ತಿತ್ತು. ಆ ಪಿರಿಯಡ್ಡೇ ಸಂಖ್ಯಾಶಾಸ್ತ್ರ. ಅರ್ಥಶಾಸ್ತ್ರ ತೆಗೆದುಕೊಂಡವರಿಗೆ ಅದರದೊಂದು ಪೇಪರ್ ಇತ್ತು. ಮೊದಲ ಅರ್ಧವನ್ನು ದಿನವೂ ಕಳೆದುಕೊಂಡರೆ ಉಳಿದರ್ಧ ಹೇಗೆ ತಲೆಗೆ ಹತ್ತಬೇಕು? ಮೊದಲ ಪರೀಕ್ಷೆಯಲ್ಲಿ ನನ್ನ ಮಾರ್ಕ್ಸ್ ನೋಡಿ ಅಪ್ಪ ತಂಗಿಯ ಮನೆಗೆ ಹೇಳಿಕಳಿಸಿದ. ಮುಂದಿನ ಭಾನುವಾರ ತರೀಕೆರೆಯಿಂದ ಭಾವ ಬಂದ.

ಭಾವ ಎಂದರೆ ಅಪ್ಪನ ತಂಗಿಯ ಮಗ. ಮೈಸೂರಿನಲ್ಲಿ ಎಂ.ಎ. ಮುಗಿಸಿ ತರೀಕೆರೆಯಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದ್ದ. ಬೆಳಗಿನ ಬಸ್ಸಿಗೆ ಬಂದು, ತಿಂಡಿ ತಿಂದು, ಪಡಸಾಲೆಯ ಚಾಪೆಯ ಮೇಲೆ ಪುಸ್ತಕ ಬಿಚ್ಚಿ ಕೂತರೆ ಊಟದ ಹೊತ್ತಿನವರೆಗೂ ಪಾಠ. ಅಪ್ಪ ಅದೇ ಪಡಸಾಲೆಯ ಇನ್ನೊಂದು ಕೊನೆಯಲ್ಲಿ ಅಡಕತ್ತರಿ ಹಿಡಿದು ಕೂತಿರುತ್ತಿದ್ದ. ಅವನದು ಕೊಬ್ಬರಿ, ಕಡಲೆಕಾಯಿ ವ್ಯಾಪಾರ. ಮನೆಯ ಮುಂದಿನ ಕೋಣೆಯೇ ಮಂಡಿ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಒಗ್ಗರಣೆ ಸೌಟು ಹಿಡಿದು ಪಾಠಕ್ಕೊಂದು ಕಿವಿ ಕೊಟ್ಟಿರುತ್ತಿದ್ದಳು.

ಭಾವ ಪುಸ್ತಕದ ಮಾತನ್ನು ಮನೆಯ ಮಾತಾಗಿ ಮಾಡುತ್ತಿದ್ದ. ಯಾವ ಅಂಕಿ ಕಂಡರೂ ಮೊದಲು ಒಂದೇ ಪ್ರಶ್ನೆ ಕೇಳಬೇಕು ಅನ್ನುತ್ತಿದ್ದ, ಇದನ್ನು ಕೂಡಿದರೆ ಏನಾಗುತ್ತದೆ ಅಂತ. ಅಪ್ಪ ಸರಕು ತಂದವರ ಚೀಲಗಳಿಗೆ ಗುರುತಿಗೆ ನಂಬರ್ ಬರೆಯುತ್ತಿದ್ದ. ಮೂರು ಅಂದರೆ ಯಗಟಿಯವರದು, ನಾಲ್ಕು ಅಂದರೆ ದೇವನೂರಿನವರದು. ಮೂರೂ ನಾಲ್ಕೂ ಕೂಡಿದರೆ ಏಳು, ಏಳನೇ ನಂಬರಿನವರು ಯಾವ ಊರಿನವರು ಹೇಳು ಎಂದು ಭಾವ ನನ್ನನ್ನು ಕೇಳಿದ. ನಾನು ಕಣ್ಣು ಕಣ್ಣು ಬಿಟ್ಟೆ. "ಏಳನೇ ನಂಬರಿನೋರು ಇನ್ನೂ ಸರಕೇ ತಂದಿಲ್ಲ ಕಣಪ್ಪ" ಎಂದು ಅವ್ವ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು. ಭಾವ ನಕ್ಕು, ಅತ್ತೆ ಪಾಸು, ನೀನೇ ಫೇಲು ಎಂದ. ಆ ಅಂಕಿ ಅಂಕಿಯಲ್ಲ, ಹೆಸರು. ಹೆಸರಿಗೆ ಬದಲಾಗಿ ಅಂಕಿ ಬರೆದಿದ್ದೇವೆ, ಅಷ್ಟೇ. ಅದನ್ನು ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಅದು ಮೊದಲನೇ ಬಗೆ, ನಾಮಸೂಚಕ.

ಎರಡನೆಯದು ಕ್ರಮಸೂಚಕ. ಅದಕ್ಕೆ ಅಪ್ಪನ ಕೊಬ್ಬರಿಯೇ ಸಿಕ್ಕಿತು. ಒಂದನೇ ತರ, ಎರಡನೇ ತರ, ಮೂರನೇ ತರ. ಯಾವುದು ಮೇಲು ಯಾವುದು ಕೆಳಗು ಎನ್ನುವುದು ಗೊತ್ತಾಗುತ್ತದೆ, ಎಷ್ಟು ಮೇಲು ಎನ್ನುವುದು ಗೊತ್ತಾಗುವುದಿಲ್ಲ. ಒಂದಕ್ಕೂ ಎರಡಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇರಬಹುದು, ಎರಡಕ್ಕೂ ಮೂರಕ್ಕೂ ಬೂಸ್ಟು ಹಿಡಿದಷ್ಟು ಇರಬಹುದು. ಮೂರನೆಯದು ಅಂತರಸೂಚಕ, ಅದಕ್ಕೆ ಜ್ವರ ನೋಡುವ ಥರ್ಮಾಮೀಟರ್. ಅಲ್ಲಿ ಒಂದೊಂದು ಗೆರೆಯ ನಡುವಿನ ಅಂತರ ಒಂದೇ, ಆದರೆ ಸೊನ್ನೆ ಅಂದರೆ ಏನೂ ಇಲ್ಲ ಅಂತಲ್ಲ. ಅದಕ್ಕೇ ನೂರ ನಾಲ್ಕು ಡಿಗ್ರಿ ಜ್ವರ ಐವತ್ತೆರಡರ ಎರಡರಷ್ಟಲ್ಲ ಎಂದು ಭಾವ ಹೇಳುತ್ತಿದ್ದಾಗ ಅಪ್ಪ ಅಡಕೆ ಅಗಿಯುತ್ತಾ, "ಐವತ್ತೆರಡಕ್ಕಿಳಿದ್ರೆ ಡಾಕ್ಟ್ರಿಗೆ ಹೇಳ್ಬಾರ್ದು ಕಣೋ, ಐನೋರಿಗೆ ಹೇಳ್ಬೇಕು" ಎಂದ. ನಾಲ್ಕನೆಯದು ಮಂಡಿಯ ತಕ್ಕಡಿ. ಅಲ್ಲಿ ಸೊನ್ನೆ ಅಂದರೆ ನಿಜವಾಗಿಯೂ ಏನೂ ಇಲ್ಲ. ಹತ್ತು ಕೇಜಿ ಐದು ಕೇಜಿಯ ಎರಡರಷ್ಟೇ. ಅದನ್ನು ಕೂಡಬಹುದು, ಕಳೆಯಬಹುದು, ಭಾಗಿಸಬಹುದು. ಅದು ಅನುಪಾತದ ಅಳತೆ, ಅಳತೆಗಳಲ್ಲಿ ರಾಜ ಎಂದ ಭಾವ.

ಇಷ್ಟು ಅರ್ಥವಾದ ಮೇಲೆ ನನಗೊಂದು ಚಟ ಹತ್ತಿತು. ರೈಲಿನಲ್ಲಿ ಬೋಗಿಯ ನಂಬರ್ ಕಂಡರೆ ನಾಮಸೂಚಕ ಎಂದುಕೊಳ್ಳುತ್ತಿದ್ದೆ. ಪಂಕ್ತಿಯಲ್ಲಿ ಯಾರು ಮೊದಲು ಕೂತರು ಎನ್ನುವುದು ಕ್ರಮಸೂಚಕ. ಬಾವಿಯ ನೀರು ಎಷ್ಟು ಮೊಳ ಇದೆ ಅನ್ನುವುದು ಅನುಪಾತ. ಅವ್ವನಿಗೂ ಹೇಳಿಕೊಡಲು ಹೋಗುತ್ತಿದ್ದೆ. ಅವಳು ಹಿಟ್ಟು ತಿರುವುತ್ತಾ, ಹಾಗಾದರೆ ಉಪ್ಪು ಯಾವುದರಲ್ಲಿ ಬರುತ್ತೆ, ನಾನು ಕೈಯಳತೆಯಲ್ಲಿ ಹಾಕೋದು ಎಂದು ಕೇಳಿ ನನ್ನನ್ನು ಸಿಕ್ಕಿಸುತ್ತಿದ್ದಳು.

ಈಗ ಒಂದು ಮಾತು ಹೇಳಿಬಿಡಬೇಕು. ಭಾವ ಭಾನುವಾರ ಬರುವುದು ಪಾಠಕ್ಕೆ ಮಾತ್ರ ಅಂತ ನಮ್ಮ ಬೀದಿಯಲ್ಲಿ ಯಾರೂ ಅಂದುಕೊಂಡಿರಲಿಲ್ಲ. ನಾನೂ ಅಂದುಕೊಂಡಿರಲಿಲ್ಲ. ಸೋದರತ್ತೆ ನನ್ನನ್ನು ತೊಟ್ಟಿಲಲ್ಲಿದ್ದಾಗಿನಿಂದ ಸೊಸೆ ಎಂದೇ ಕರೆಯುತ್ತಿದ್ದಳು. ಅವ್ವ ಒಂದು ಮೊಳಕಾಲ್ಮೂರು ಸೀರೆ ತೆಗೆದಿಟ್ಟು ಅದಕ್ಕೆ ಬೇವಿನೆಲೆ ಹಾಕಿ, ವರ್ಷಕ್ಕೊಮ್ಮೆ ಬಿಸಿಲಿಗೆ ಹರವಿ, ಮತ್ತೆ ಮಡಿಸಿಡುತ್ತಿದ್ದಳು. ಯಾವಾಗ ಅಂತ ಯಾರೂ ಕೇಳುತ್ತಿರಲಿಲ್ಲ. ನನ್ನ ಓದು ಮುಗಿದ ಮೇಲೆ ಎನ್ನುವುದು ಎಲ್ಲರ ಮನಸ್ಸಿನಲ್ಲೂ ಇತ್ತು. ಭಾವ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಹೇಳಬೇಕು ಅಂತ ನನಗೂ ಹೊಳೆದಿರಲಿಲ್ಲ. ಸಂಜೆ ಬಸ್ಸಿಗೆ ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಮುಂದಿನ ವಾರಕ್ಕೆ ಲೆಕ್ಕ ಮಾಡಿಡು ಎಂದು ನನ್ನ ತಲೆಗೆ ಪುಸ್ತಕದಿಂದ ಮೊಟಕುತ್ತಿದ್ದ. ಅಷ್ಟು ಸಾಕಾಗಿತ್ತು.

ಗೌರಿ ಹಬ್ಬಕ್ಕೆ ಸೋದರತ್ತೆ ತವರಿಗೆ ಬಂದಳು. ಬಾಗಿನ ಕೊಟ್ಟು, ಊಟವಾಗಿ, ಎಲೆಅಡಕೆಯ ತಟ್ಟೆಯ ಸುತ್ತ ಕೂತಿದ್ದಾಗ, ಸುಣ್ಣದ ಡಬ್ಬಿ ತೆಗೆಯುತ್ತಾ ಹೇಳಿದಳು.

"ಅಣ್ಣ, ಮಕ್ಳದ್ದು ಒಂದ್ಸಲ ಸಾಲಾವಳಿ ನೋಡ್ಸಾಣ ಅಂತ."

ಎಲೆಯ ತೊಟ್ಟು ಮುರಿಯುತ್ತಿದ್ದ ಅವ್ವನ ಕೈ ನಿಂತಿತು.

ಗಂಡು ಹೆಣ್ಣಿನ ನಕ್ಷತ್ರ ಇಟ್ಟುಕೊಂಡು, ಎಂಟು ಬಾಬತ್ತುಗಳಲ್ಲಿ ಇಷ್ಟಿಷ್ಟು ಗುಣ ಅಂತ ಕೊಟ್ಟು, ಎಲ್ಲವನ್ನೂ ಕೂಡಿ, ಮೂವತ್ತಾರಕ್ಕೆ ಎಷ್ಟು ಬಂತು ಅಂತ ನೋಡುವುದೇ ಸಾಲಾವಳಿ. ಹದಿನೆಂಟು ದಾಟಿದರೆ ಸರಿ, ಇಲ್ಲದಿದ್ದರೆ ಬೇಡ. ಹೊರಗಿನಿಂದ ಹೆಣ್ಣು ತರುವಾಗ ಎಲ್ಲರೂ ನೋಡಿಸುತ್ತಾರೆ. ಆದರೆ ನಮ್ಮಲ್ಲಿ ಒಳಸಂಬಂಧಕ್ಕೆ ಸಾಲಾವಳಿ ನೋಡುವುದಿಲ್ಲ. ಸೋದರಮಾವನ ಮಗಳು ಎಂದ ಮೇಲೆ ನಕ್ಷತ್ರದ ಕೆಲಸವೇನು? ಕೇಳಿದರೆ ರಕ್ತವನ್ನೇ ಅನುಮಾನಿಸಿದ ಹಾಗೆ. ಅವ್ವನಿಗೂ ಅಪ್ಪನಿಗೂ, ಅವರ ಹಿಂದಿನವರಿಗೂ ಯಾರೂ ನೋಡಿಸಿರಲಿಲ್ಲ. ಹಾಗಾಗಿ ಅವ್ವ ಅಪ್ಪನ ಮುಖ ನೋಡಿದಳು, ಅವನು ತಂಗಿಯನ್ನು ಗದರುತ್ತಾನೆ ಅಂತ. ಅಪ್ಪ ಅಡಕತ್ತರಿಯನ್ನು ನೋಡುತ್ತಾ, ನೋಡಿಸಿದರಾಯಿತು ಬಿಡು ಎಂದ. ಯೋಚಿಸಲೂ ಇಲ್ಲ, ಬೇಗ ಎಂದುಬಿಟ್ಟ. ಆ ಅವಸರ ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ.

ಮಠದ ಶಾಸ್ತ್ರಿಗಳು ಮುಂದಿನ ವಾರ ಮನೆಗೇ ಬಂದರು. ಭಾವನೂ ಸೋದರತ್ತೆಯೂ ಬಂದರು. ನನ್ನ ಹುಟ್ಟಿದ ಹೊತ್ತನ್ನು ಯಾರೂ ಬರೆದಿಟ್ಟಿರಲಿಲ್ಲ. ಅಂಥವರಿಗೆ ಹೆಸರಿನ ಮೊದಲಕ್ಷರದ ಮೇಲೆ ನಕ್ಷತ್ರ ಹಿಡಿಯುವುದು ಪದ್ಧತಿ. ಶಾಸ್ತ್ರಿಗಳು ಹಾಗೆ ಹಿಡಿದರು. ಆಮೇಲೆ ಒಂದೊಂದೇ ಬಾಬತ್ತು ಓದುತ್ತಾ ಹೋದರು. ಹುಡುಗನದು ಮೂಲಾ, ಹುಡುಗಿಯದು ಜ್ಯೇಷ್ಠಾ. ಅವನ ನಕ್ಷತ್ರದ ಪ್ರಾಣಿ ನಾಯಿ, ನನ್ನದು ಜಿಂಕೆ, ಆಗದು, ಸೊನ್ನೆ. ಇಬ್ಬರ ನಾಡಿಯೂ ಒಂದೇ, ಎಂಟಕ್ಕೆ ಸೊನ್ನೆ. ಇಬ್ಬರದೂ ರಾಕ್ಷಸ ಗಣ. ಅದು ಮಾತ್ರ ಆರಕ್ಕೆ ಆರು. ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ ಆ ಆರಕ್ಕೆ ನಗು ಬಂತು. ಭಾವನ ಕಡೆ ನೋಡಿದೆ, ಅವನೂ ನಗುತ್ತಿರಬೇಕು ಅಂತ. ನಾಯಿ, ಜಿಂಕೆ, ರಾಕ್ಷಸ, ಇವೆಲ್ಲ ಚೀಲದ ಮೇಲಿನ ಗುರುತುಗಳಲ್ಲವೇ? ಶಾಸ್ತ್ರಿಗಳು ಈಗ ಇವನ್ನು ಕೂಡುತ್ತಾರೆ, ಆಗ ಭಾವ ಕೇಳುತ್ತಾನೆ, ಕೂಡಿದರೆ ಏನಾಗುತ್ತದೆ ಸ್ವಾಮಿ ಎಂದು ಕೇಳುತ್ತಾನೆ ಅಂತ ಕಾಯುತ್ತಿದ್ದೆ.

ಶಾಸ್ತ್ರಿಗಳು ಕೂಡಿದರು. ಹದಿನೈದು ಬಂತು. ಭಾವ ಕಾಲಿನ ಹೆಬ್ಬೆರಳು ನೋಡುತ್ತಾ ಕೂತಿದ್ದ. ಸೋದರತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ದೈವ ಕೂಡಿಬರಲಿಲ್ಲ ಅಣ್ಣ ಎಂದಳು. ಅಪ್ಪ ಶಾಸ್ತ್ರಿಗಳಿಗೆ ತೆಂಗಿನಕಾಯಿ, ಎಲೆಅಡಕೆ ಕೊಟ್ಟು ಕಳಿಸಿದ. ಆ ದಿನ ಪಾಠ ಆಗಲಿಲ್ಲ. ಅದರ ಮುಂದಿನ ಭಾನುವಾರ ಭಾವ ಬರಲಿಲ್ಲ. ಆಮೇಲೆ ಬರಲೇ ಇಲ್ಲ.

ಅವ್ವ ತಪ್ಪನ್ನೆಲ್ಲ ತನ್ನ ತಲೆಯ ಮೇಲೆ ಹಾಕಿಕೊಂಡಳು. ನನಗೆ ಈ ಹೆಸರಿಡಬೇಕು ಅಂತ ಹಟ ಹಿಡಿದವಳು ಅವಳು. ಅದು ಅವಳ ತಾಯಿಯ ಹೆಸರು. ಅಪ್ಪನ ಕಡೆಯವರು ಬೇರೆ ಹೆಸರು ಹೇಳಿದ್ದರಂತೆ, ತೊಟ್ಟಿಲ ಶಾಸ್ತ್ರದ ದಿನ ಜಗಳವೇ ಆಗಿತ್ತಂತೆ. ಬಟ್ಟೆ ಹಿಂಡುವಾಗ, ರಾಗಿ ಆರಿಸುವಾಗ ಅವಳದು ಒಂದೇ ಮಾತು. ತನ್ನ ಹಟಕ್ಕೆ ಮಗಳ ಬಾಳು ಹೋಯಿತು. ಸೋಮವಾರ ಒಪ್ಪತ್ತು ಹಿಡಿದಳು, ಮಠಕ್ಕೆ ಬರಿಗಾಲಲ್ಲಿ ಹೋಗಿ ಗದ್ದುಗೆಗೆ ನೀರು ಹಾಕಿ ಬರುತ್ತಿದ್ದಳು. ಅವಳ ಹಿಮ್ಮಡಿ ಒಡೆದು ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದದ್ದು ನೆನಪಿದೆ. ಅಪ್ಪ ಅದನ್ನೂ ನೋಡುತ್ತಿದ್ದ.

ನಾನು ಸುಮ್ಮನಿರಲಿಲ್ಲ. ನನಗೆ ಗೊತ್ತಿದ್ದ ಒಂದೇ ವಿದ್ಯೆ ಅದು, ಅದನ್ನೇ ಹಿಡಿದುಕೊಂಡು ಹೊರಟೆ. ಸಂಜೆ ಅಪ್ಪ ಮಂಡಿಯ ಬಾಗಿಲು ಹಾಕಿ ಕಾಲು ತೊಳೆದು ಬಂದು ಕೂತರೆ ಎದುರಿಗೆ ಕೂರುತ್ತಿದ್ದೆ. ಯಗಟಿ ಚೀಲ, ದೇವನೂರು ಚೀಲ, ಎಲ್ಲ ಮತ್ತೆ ಹೇಳಿದೆ. ನಕ್ಷತ್ರ ಅನ್ನುವುದು ಹೆಸರು, ಗಣ ಅನ್ನುವುದು ಹೆಸರು. ಹೆಸರಿಗೆ ಹೆಸರು ಜೋಡಿಸಿ ಅದಕ್ಕೊಂದು ಅಂಕಿ ಕೊಟ್ಟರೆ ಅದು ತೂಕ ಆಗುವುದಿಲ್ಲ. ಹದಿನೆಂಟು ಗುಣ ಒಂಬತ್ತು ಗುಣದ ಎರಡರಷ್ಟು ಒಳ್ಳೆಯ ಮದುವೆ ಅಂತ ಯಾರಾದರೂ ಹೇಳಬಲ್ಲರೇ? ನಾಡಿಗೆ ಎಂಟು, ಗಣಕ್ಕೆ ಆರು, ಹೀಗೇ ಯಾಕೆ, ಹಾಗೇ ಯಾಕಿಲ್ಲ? ಅಪ್ಪ ಕೆನ್ನೆಗೆ ಕೈ ಕೊಟ್ಟು ಕೇಳುತ್ತಿದ್ದ. ನಡುನಡುವೆ ಅನುಮಾನವನ್ನೂ ಕೇಳುತ್ತಿದ್ದ. ಹಾಗಾದರೆ ಕೊಬ್ಬರಿಯ ತರಕ್ಕೂ ಒಂದು ರೇಟು ಕಟ್ಟುತ್ತೇವಲ್ಲ ಮಗಾ, ಅದು ಹೇಗೆ ಅಂತ ಒಂದು ದಿನ ಕೇಳಿದ. ತರ ಬೇರೆ, ರೇಟು ಬೇರೆ ಎಂದು ನಾನು ವಿವರಿಸಿದೆ. ಹೌದಲ್ಲ ಎಂದು ತಲೆದೂಗಿದ. ಅಪ್ಪನಿಗೆ ಅರ್ಥವಾಗುತ್ತಿದೆ, ಇನ್ನೊಂದೆರಡು ವಾರದಲ್ಲಿ ಅವನೇ ಹೋಗಿ ಅತ್ತೆಗೆ ಹೇಳುತ್ತಾನೆ ಎಂದು ನಾನು ಹಿಗ್ಗಿದೆ.

ಆಮೇಲೆ ನನಗೆ ಇನ್ನೂ ದೊಡ್ಡ ಅಸ್ತ್ರ ಸಿಕ್ಕಿತು. ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದ ಹೆಸರು ಬೇರೆ. ಅದರ ಮೊದಲಕ್ಷರ ರೇವತಿ ನಕ್ಷತ್ರಕ್ಕೆ ಸೇರುತ್ತದೆ. ಪಂಚಾಂಗದ ಹಿಂದಿನ ಪುಟಗಳಲ್ಲಿ ಕೋಷ್ಟಕ ಇರುತ್ತದಲ್ಲ, ಅದನ್ನು ಹಿಡಿದು ನಾನೇ ಕೂಡಿ ನೋಡಿದೆ. ಇಪ್ಪತ್ತಾರು ಬಂತು. ಮೂರು ಸಲ ನೋಡಿದೆ, ಇಪ್ಪತ್ತಾರೇ. ಕೂಡಬಾರದು ಅನ್ನುತ್ತಿದ್ದ ನಾನೇ ಕೂಡಿದೆ; ಅವರ ಲೆಕ್ಕದಲ್ಲೇ ಅವರನ್ನು ಗೆಲ್ಲೋಣ ಅನ್ನಿಸಿತ್ತು. ಓಡಿಹೋಗಿ ಅಪ್ಪನಿಗೆ ಹೇಳಿದೆ. ಅವ್ವ ಬಳೆಗಾಜಿನ ಹಾಗೆ ಹೊಳೆಯುವ ಕಣ್ಣಿನಿಂದ ಅಪ್ಪನನ್ನು ನೋಡಿದಳು. ಅಪ್ಪ ನನ್ನ ಕೈಯಿಂದ ಪಂಚಾಂಗ ತೆಗೆದುಕೊಂಡು ಮುಚ್ಚಿಟ್ಟ. ಆಮೇಲೆ, ಒಂದು ಸಲ ಶಾಸ್ತ್ರ ಕೇಳಿದ ಮೇಲೆ ಎರಡನೇ ಸಲ ಕೇಳಬಾರದು, ಬಿಟ್ಟುಬಿಡವ್ವ ಎಂದ.

ಬಿಡಲಿಲ್ಲ. ಅವ್ವನನ್ನು ಒಪ್ಪಿಸಿ, ಅವಳ ಜೊತೆ ತರೀಕೆರೆಯ ಬಸ್ಸು ಹತ್ತಿದೆ. ಅತ್ತೆ ಮನೆಯಲ್ಲಿರಲಿಲ್ಲ. ಭಾವ ಕಿಟಕಿಯ ಹತ್ತಿರ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದ. ನಮ್ಮನ್ನು ನೋಡಿ ಎದ್ದು ನಿಂತ, ನೀರು ಕೊಟ್ಟ, ಕಾಫಿ ಮಾಡುತ್ತೇನೆ ಎಂದ. ಅವ್ವ, ನಾನೇ ಮಾಡುತ್ತೇನೆ ಎಂದು ಒಳಗೆ ಹೋದಳು. ಅದು ನನಗಾಗಿ ಹೋದದ್ದು.

"ಭಾವ, ಮೂವತ್ತಾರು ಗುಣ ಅನ್ನೋದು ಯಾವ ಬಗೆ ಅಳತೆ?" ಎಂದು ಕೇಳಿದೆ.

ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ.

"ನಾಮಸೂಚಕ" ಎಂದ. "ಜಾಸ್ತಿ ಅಂದ್ರೆ ಕ್ರಮಸೂಚಕ. ಕೂಡೋಕೆ ಬರಲ್ಲ."

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?"

"ನಮ್ಮವ್ವಂಗೆ ಇದನ್ನೆಲ್ಲ ಹೇಳೋರ್ಯಾರು? ಅವಳು ನಂಬ್ತಾಳೆ. ನಾನು ಏನು ಮಾಡ್ಲಿ."

ಹಾಗೆಂದು ಕಿಟಕಿಯ ಕಡೆ ತಿರುಗಿದ. ನಾನು ಇಪ್ಪತ್ತಾರರ ವಿಷಯ ಹೇಳಿದೆ. ಅವನು ನನ್ನನ್ನು ನೋಡಿದ ನೋಟ ಇವತ್ತಿಗೂ ನನಗೆ ನೆನಪಿದೆ. ಏನೂ ಅರಿಯದ ಮಗುವನ್ನು ನೋಡುವ ಹಾಗಿತ್ತು. ಅವನು ತಾಯಿಗೆ ಹೆದರುತ್ತಾನೆ, ಒಳಗೊಳಗೇ ನೋಯುತ್ತಿದ್ದಾನೆ ಎಂದು ನಾನು ಅರ್ಥ ಮಾಡಿಕೊಂಡೆ. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ದುಃಖಕ್ಕಿಂತ ಅವನ ದುಃಖವೇ ಹೆಚ್ಚು ಅಂದುಕೊಂಡು ಕಣ್ಣೀರು ಹಾಕಿದೆ. ಅವ್ವ ನನ್ನ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡು, ನನ್ನ ಹಟ ಕಣೇ, ಎಲ್ಲ ನನ್ನ ಹಟ ಎಂದಳು.

ಬೇಸಿಗೆ ಶುರುವಾದಾಗ ಸೋದರತ್ತೆ ಅರಿಶಿನ ಕುಂಕುಮ ಹಚ್ಚಿದ ಕಾಗದ ಹಿಡಿದು ಮದುವೆಗೆ ಕರೆಯಲು ಬಂದಳು. ಹುಡುಗಿ ಕಡೂರಿನವಳು, ಅಲ್ಲೇ ಸ್ಕೂಲಿನಲ್ಲಿ ಟೀಚರು. ನಮ್ಮ ಪೈಕಿಯೇ ಆದರೂ ಸಂಬಂಧಿಕರಲ್ಲ, ಹೊಸಬರು. ಅಪ್ಪ ಮಂಡಿಯಿಂದ ಒಳಗೆ ಬಂದ. ಅವ್ವ ನೀರು, ಬೆಲ್ಲ ತಂದಿಟ್ಟಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ದೈವ ಹಾಗೆ ಬರೆದಿತ್ತು, ಆಯಿತು, ಇನ್ನು ಆ ಹುಡುಗನಾದರೂ ಚೆನ್ನಾಗಿರಲಿ ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಹೆಂಗಸರು ಮದುವೆಯ ಸುದ್ದಿ ಬಂದಾಗ ಕೇಳುವ ಮಾತನ್ನೇ ಅವಳೂ ಕೇಳಿದಳು.

"ಸಾಲಾವಳಿ ಎಷ್ಟು ಬಂತು?"

ಸೋದರತ್ತೆ ಬೆಲ್ಲವನ್ನು ಬಾಯಿಗಿಟ್ಟುಕೊಳ್ಳುತ್ತಿದ್ದವಳು ಕೈ ಇಳಿಸಿದಳು. ಸೀರೆಯ ನೆರಿಗೆ ಸರಿಮಾಡಿಕೊಂಡಳು. "ನೋಡ್ಸಿಲ್ಲ ಅತ್ತಿಗೆ" ಎಂದಳು.

"ನೋಡ್ಸಿಲ್ವ? ಹೊರಗಿನ ಹುಡುಗಿಗೆ?"

"ಅವನಿಗೆ ಬೇಡ ಅಂತೆ."

ಅವ್ವ ಅವಳನ್ನೇ ನೋಡುತ್ತಾ ಕೂತಳು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು, ಅದನ್ನು ಇಳಿಸಬೇಕು ಅನ್ನುವುದು ಗೊತ್ತಿತ್ತು, ಇಳಿಸಲಿಲ್ಲ. ಒಳಗಿನವಳಿಗೆ ಸಾಲಾವಳಿ, ಹೊರಗಿನವಳಿಗೆ ಇಲ್ಲ. ಅದನ್ನು ಬಿಡಿಸಿ ಹೇಳಲು ಯಾವ ಪಾಠವೂ ಬೇಕಾಗಿರಲಿಲ್ಲ. ಅವ್ವ ಮೆಲ್ಲಗೆ, ಹಾಗಾದರೆ ಅವತ್ತು ನೋಡಿಸಿದ್ದು ಯಾಕೆ ಎಂದು ಕೇಳಿದಳು. ಸೋದರತ್ತೆಯ ಕಣ್ಣು ತುಂಬಿತು. ಅವಳು ಕೆಟ್ಟವಳಲ್ಲ. ಗುಟ್ಟು ಹೊತ್ತುಕೊಂಡು ತಿರುಗುವ ಶಕ್ತಿ ಅವಳಿಗಿರಲಿಲ್ಲ, ಅಷ್ಟೇ.

"ನನ್ನ ಯಾಕೆ ಕೇಳ್ತೀರಿ ಅತ್ತಿಗೆ? ಅಣ್ಣಂಗೆ ಗೊತ್ತಲ್ಲ."

ಆಮೇಲೆ ಅತ್ತೆಯ ಬಾಯಿಂದ ಹೊರಬಿದ್ದದ್ದು ಇಷ್ಟು. ಗೌರಿ ಹಬ್ಬಕ್ಕೂ ಮೊದಲೇ, ಅಪ್ಪ ವ್ಯಾಪಾರದ ಕೆಲಸಕ್ಕೆ ತರೀಕೆರೆಗೆ ಹೋಗಿದ್ದಾಗ, ಭಾವ ಅವನನ್ನು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂರಿಸಿ, ಕಡೂರಿನ ಹುಡುಗಿಗೆ ಮಾತು ಕೊಟ್ಟಿದ್ದೇನೆ, ನಿಮ್ಮ ಮಗಳನ್ನು ಹಾಗೆ ಯಾವತ್ತೂ ನೋಡಿಲ್ಲ ಎಂದು ಹೇಳಿದ್ದನಂತೆ. ಅಪ್ಪ ಬೈಯಲಿಲ್ಲವಂತೆ. ಟೀ ಕುಡಿದು ಮುಗಿಸಿ, ಬೇಡ ಎನ್ನುವುದನ್ನು ನೀನೂ ಹೇಳಬೇಡ, ನಿಮ್ಮವ್ವನೂ ಹೇಳುವುದು ಬೇಡ, ಸಾಲಾವಳಿ ನೋಡಿಸಿಬಿಡೋಣ ಎಂದನಂತೆ. ಇಬ್ಬರ ಹೆಸರಿಗೂ ಹೊಂದುವುದಿಲ್ಲ ಅನ್ನುವುದನ್ನು ಅವನು ಮಠಕ್ಕೆ ಹೋಗಿ ಮೊದಲೇ ಕೇಳಿಕೊಂಡು ಬಂದಿದ್ದ. ಶಾಸ್ತ್ರಿಗಳು ಲೆಕ್ಕದಲ್ಲಿ ಏನೂ ಹೆಚ್ಚುಕಮ್ಮಿ ಮಾಡಿರಲಿಲ್ಲ. ಹದಿನೈದು ನಿಜವಾಗಿ ಬಂದ ಹದಿನೈದೇ. ಮಿಕ್ಕಿದ್ದೆಲ್ಲ ನಾಟಕ.

ಸೋದರತ್ತೆ ಕುಂಕುಮ ಇಡಿಸಿಕೊಳ್ಳದೆ ಹೋದಳು. ಅವ್ವ ಎದ್ದು ಹಿತ್ತಲಿಗೆ ಹೋದಳು. ನಾನು ಅಪ್ಪನ ಎದುರಿಗೆ, ಸಂಜೆ ಸಂಜೆ ಕೂತು ಪಾಠ ಹೇಳುತ್ತಿದ್ದ ಜಾಗದಲ್ಲೇ, ನಿಂತೆ.

"ನಂಗ್ಯಾಕೆ ಹೇಳ್ಲಿಲ್ಲ ಅಪ್ಪ?"

ಅವನು ಹೆಗಲ ಮೇಲಿನ ಟವೆಲು ತೆಗೆದು ಮಡಿಸಿದ.

"ಹುಡುಗ ಬೇಡ ಅಂದ ಅಂದ್ರೆ ನೀನು ಹೆಂಗೆ ತಡ್ಕೊಂತಿದ್ದೆ? ಲೆಕ್ಕ ಬೇಡ ಅಂತು ಅಂದ್ರೆ ಯಾರ ಮನ್ಸೂ ಮುರಿಯಲ್ಲ. ಹಂಗಂದ್ಕೊಂಡೆ ಕಣವ್ವ."

"ಅವ್ವಂದು?"

ಅವನು ಮಡಿಸಿದ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದ. ಅವ್ವ ತನ್ನ ತಾಯಿಯ ಹೆಸರನ್ನು ಶಪಿಸಿಕೊಳ್ಳುತ್ತಾ ಬರಿಗಾಲಲ್ಲಿ ಮಠಕ್ಕೆ ನಡೆದದ್ದನ್ನು ಅವನು ಮಂಡಿಯ ಗಾದಿಯ ಮೇಲಿಂದ ನೋಡುತ್ತಿದ್ದ. ಒಂದು ಮಾತು ಹೇಳಿದ್ದರೆ ಸಾಕಿತ್ತು.

ಭಾವ ಮಾಡಿದ್ದನ್ನು ನಾನು ಬೇಗ ಮರೆತೆ. ಅವನು ಯಾವತ್ತೂ ಮಾತು ಕೊಟ್ಟಿರಲಿಲ್ಲ, ಹಾಗಾಗಿ ತಪ್ಪಿದ ಎನ್ನುವುದು ಹೇಗೆ? ನನ್ನ ಎದುರು ಕೂತು ತಾಯಿಯ ಮೇಲೆ ಹೊರಿಸಿದ್ದು ಹೇಡಿತನ, ಆದರೆ ಆ ವಯಸ್ಸಿನವರಲ್ಲಿ ಅದು ಇರುವಂಥದ್ದೇ. ನನಗೆ ತಡೆಯಲಾಗದೆ ಹೋದದ್ದು ಆ ಸಂಜೆಗಳು. ಕೂಡಬಾರದ್ದನ್ನು ಕೂಡಿದ್ದಾರೆ ಎಂದು ನಾನು ವಾರಗಟ್ಟಲೆ ವಾದಿಸಿದೆ. ಅಪ್ಪ ಕೆನ್ನೆಗೆ ಕೈ ಕೊಟ್ಟು ಕೇಳಿದ, ಅನುಮಾನ ಕೇಳಿದ, ತಲೆದೂಗಿದ. ನನ್ನ ಮಾತು ಸರಿ ಎನ್ನುವುದು ಅವನಿಗೆ ನನಗಿಂತ ಮೊದಲೇ ಗೊತ್ತಿತ್ತು. ಆ ಅಂಕಿಗೆ ಬೆಲೆಯಿಲ್ಲ ಎನ್ನುವುದನ್ನು ತಿಳಿದೇ ಅವನು ಅದನ್ನು ಬಾಗಿಲಿಗೆ ಅಡ್ಡ ಇಟ್ಟಿದ್ದ. ನಾನು ಬಾಗಿಲನ್ನು ತಳ್ಳುತ್ತಿದ್ದೆ, ಅವನು ಒಳಗಿನಿಂದ ಹಿಡಿದುಕೊಂಡೇ, ಹೌದು ಮಗಾ ತಳ್ಳು ಎನ್ನುತ್ತಿದ್ದ.

ಮದುವೆಗೆ ಅಪ್ಪ ಹೋಗಲೇಬೇಕಾಗಿತ್ತು. ಗಂಡಿಗೆ ಬಾಸಿಂಗ ಕಟ್ಟಬೇಕಾದವನು ಸೋದರಮಾವ. ಅವನಿಲ್ಲದೆ ಹಸೆಗೆ ಕರೆಯುವ ಹಾಗಿಲ್ಲ. ಅವ್ವ, ನಾನು ಬರುವುದಿಲ್ಲ ಎಂದು ಒಂದೇ ಸಲ ಹೇಳಿದಳು. ಅಪ್ಪ ಕಪ್ಪು ಕೋಟು ಹಾಕಿಕೊಂಡು, ಒಬ್ಬನೇ, ಬೆಳಗಿನ ಪ್ಯಾಸೆಂಜರಿನಲ್ಲಿ ಕಡೂರಿಗೆ ಹೋದ. ಸಂಜೆ ವಾಪಸ್ ಬಂದು ಮದುವೆಮನೆಯವರು ಕೊಟ್ಟ ಬುತ್ತಿಯ ಗಂಟನ್ನು ಪಡಸಾಲೆಯ ಗೂಟಕ್ಕೆ ನೇತುಹಾಕಿದ. ಅದನ್ನು ಯಾರೂ ಬಿಚ್ಚಲಿಲ್ಲ. ಇರುವೆ ಸಾಲು ಗೋಡೆ ಹತ್ತಿದ ಮೇಲೆ ಅವ್ವ ಅದನ್ನು ಹಾಗೇ ತೆಗೆದುಕೊಂಡು ಹೋಗಿ ದನದ ಬಾನಿಗೆ ಸುರಿದಳು. ಸೋಮವಾರದ ಒಪ್ಪತ್ತು ನಿಂತಿತು. ಅಪ್ಪನೊಡನೆ ಅವಳು ಮಾತು ಬಿಡಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ಬಿಸಿನೀರು ತೋಡುತ್ತಿದ್ದಳು. ಆದರೆ ಅವನು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳುವ ಅಭ್ಯಾಸ ಅವಳಿಗೆ ಅಂದಿನಿಂದ ಬಂತು. ಮಳೆ ಬಂದಿದೆ ಎಂದು ಅವನು ಹೇಳಿದರೂ ಅಂಗಳಕ್ಕೆ ಬಂದು ಕೈ ಚಾಚುತ್ತಿದ್ದಳು.

ನನ್ನ ಓದು ಮುಗಿದು, ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷಕ್ಕೆ ನನಗೂ ಗಂಡು ಬಂತು. ಕಡೂರಿನ ಕಡೆಯವರು, ಸಹಕಾರ ಸಂಘದಲ್ಲಿ ಗುಮಾಸ್ತೆ. ಹುಡುಗನ ತಂದೆ ಕಾಫಿ ಕುಡಿದು ಲೋಟ ಇಟ್ಟು, ಸಾಲಾವಳಿ ನೋಡಿಸಿಬಿಡೋಣವೇ ಎಂದು ಅಪ್ಪನನ್ನು ಕೇಳಿದರು. ಅಪ್ಪ ಬಾಯಿ ತೆರೆಯುವ ಮೊದಲೇ ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು. ಗಂಡಸರು ಕೂತ ಪಡಸಾಲೆಗೆ ಅವಳು ಹಾಗೆ ಬಂದದ್ದು ಅದೇ ಮೊದಲು. ಸೀದಾ ಹುಡುಗನ ಮುಂದೆ ನಿಂತಳು.

"ಸಾಲಾವಳಿ ಎಷ್ಟಾದ್ರೂ ಬರ್ಲಿ ಕಣಪ್ಪ. ನಿಂಗೆ ನನ್ನ ಮಗಳು ಬೇಕೋ ಬೇಡ್ವೋ? ನಿನ್ನ ಬಾಯಲ್ಲಿ ಹೇಳು."

ಆ ಮನುಷ್ಯ, ಈಗ ನನ್ನ ಯಜಮಾನರು, ಗಾಬರಿಯಾಗಿ ಎದ್ದು ನಿಂತು, ಕಿವಿಯವರೆಗೂ ಕೆಂಪಾಗಿ, ಬೇಕು ಎಂದರು. ಅವರ ತಂದೆ ನಕ್ಕುಬಿಟ್ಟರು. ಅವ್ವ ನಗಲಿಲ್ಲ. ಅಪ್ಪನ ಕಡೆ ತಿರುಗಿದಳು.

"ನಿಮಗೆ ಇವರ ವಿಷಯ ಏನಾದ್ರೂ ಗೊತ್ತಿದ್ರೆ ಈಗ್ಲೇ ಹೇಳ್ಬಿಡಿ."

"ಏನೂ ಇಲ್ಲ" ಎಂದ ಅಪ್ಪ. ಬೀಗರಾಗುವವರ ಮುಂದೆ ಅವನ ಮುಖ ಕಪ್ಪಿಟ್ಟಿತ್ತು.

ಅವನು ನಿಜವನ್ನೇ ಹೇಳುತ್ತಿದ್ದ, ನನಗೆ ಆಗಲೂ ಹಾಗೇ ಅನ್ನಿಸಿತು. ಅವ್ವ ತಲೆಯಾಡಿಸಿ ಒಳಗೆ ಹೋದಳು. ಮಾರನೇ ದಿನ ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವಳು ಮನೆಯಲ್ಲಿರಲಿಲ್ಲ. ಹುಡುಗನ ಬಗ್ಗೆ ಕೇಳಿಕೊಂಡು ಬರಲು ಮೊದಲನೇ ರೈಲಿಗೆ ಕಡೂರಿಗೆ ಹೋಗಿದ್ದಳು. ಅಪ್ಪ ತಾನೇ ಒಲೆ ಹಚ್ಚಿ, ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾ, ಕಾಫಿಗೆ ನೀರಿಟ್ಟಿದ್ದ. ನಾನು ಅವನ ಕೈಯಿಂದ ಊದುಗೊಳವೆ ತೆಗೆದುಕೊಳ್ಳಬಹುದಿತ್ತು. ಬಾಗಿಲಲ್ಲೇ ನಿಂತು ನೋಡಿದೆ.